ಅಧ್ಯಕ್ಷ ಪದವಿಗೆ ಹೊರಟ ಗವರ್ನರ್ ಕುರ್ಚಿ ಬಿಡಬೇಕೇ?

ಅಮೆರಿಕದಲ್ಲಿ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗುತ್ತಾರೆ. ಬಜೆಟ್ ಮಂಡಿಸುವುದು, ಮಸೂದೆಗೆ ಸಹಿ ಹಾಕುವುದು ಇಲ್ಲವೇ ತಡೆಯುವುದು, ಪ್ರವಾಹ ಬಂದಾಗ ಮುಂದೆ ನಿಲ್ಲುವುದು ಎಲ್ಲ ಅವರದೇ ಹೊಣೆ. ಅಧಿಕಾರದ ಲೆಕ್ಕದಲ್ಲಿ ಅವರು ನಮ್ಮ ಮುಖ್ಯಮಂತ್ರಿಯಂತೆ. 2016ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಕೇಳಿ ಹೊರಟವರಲ್ಲಿ ನಾಲ್ವರು ಆಗ ಹುದ್ದೆಯಲ್ಲಿದ್ದ ಗವರ್ನರ್‌ಗಳು: ಲೂಸಿಯಾನಾದ ಬಾಬಿ ಜಿಂದಾಲ್, ನ್ಯೂಜೆರ್ಸಿಯ ಕ್ರಿಸ್ ಕ್ರಿಸ್ಟಿ, ವಿಸ್ಕಾನ್ಸಿನ್‌ನ ಸ್ಕಾಟ್ ವಾಕರ್, ಓಹಾಯೋದ ಜಾನ್ ಕೇಸಿಕ್. ನಾಲ್ವರಲ್ಲಿ ಯಾರೂ ಕುರ್ಚಿ ಬಿಡಲಿಲ್ಲ. ಯಾರಿಗೂ ಟಿಕೆಟ್ ಸಿಗಲಿಲ್ಲ. ಈಗ 2028ರ ಮಾತು ಶುರುವಾಗಿ ಗವರ್ನರ್‌ಗಳ ಹೆಸರು ಮತ್ತೆ ಓಡಾಡುತ್ತಿದೆ. ಹೀಗೆ ಹೊರಡುವವರು ಮೊದಲು ರಾಜೀನಾಮೆ ಕೊಡಬೇಕು ಎಂಬ ಕಾನೂನು ಬೇಕೇ?

ಪರ: ನಾಲ್ಕು ವರ್ಷ ಅಂದರೆ ನಾಲ್ಕು ವರ್ಷ

ಲೂಸಿಯಾನಾದಿಂದ ಶುರು ಮಾಡುತ್ತೇನೆ. ಬಾಬಿ ಜಿಂದಾಲ್ ಅವರ ತಂದೆ ತಾಯಿ ಪಂಜಾಬಿನಿಂದ ಹೋದವರು. 2007ರಲ್ಲಿ, 36ನೇ ವಯಸ್ಸಿಗೆ, ಜಿಂದಾಲ್ ಗವರ್ನರ್ ಆಗಿ ಆಯ್ಕೆಯಾದರು. ಭಾರತ ಮೂಲದವರೊಬ್ಬರು ಅಮೆರಿಕದ ರಾಜ್ಯವೊಂದರ ಗವರ್ನರ್ ಆಗಿದ್ದು ಅದೇ ಮೊದಲು. ನಮ್ಮಲ್ಲೂ ಅನೇಕರು ಹೆಮ್ಮೆಪಟ್ಟರು. 2011ರಲ್ಲಿ ಮೂರನೇ ಎರಡರಷ್ಟು ಮತ ಪಡೆದು ಮತ್ತೆ ಗೆದ್ದರು. ಓದಿಕೊಂಡವರು, ಚುರುಕಿನವರು. ಅದಕ್ಕೇ ಮುಂದೆ ಆದದ್ದು ಜಾಸ್ತಿ ಬೇಸರ ತರಿಸುತ್ತದೆ.

2015ರ ಹೊತ್ತಿಗೆ ರಾಜ್ಯದ ಬಜೆಟ್‌ನಲ್ಲಿ 160 ಕೋಟಿ ಡಾಲರ್ ಕೊರತೆ ಕಾಣಿಸಿಕೊಂಡಿತು. ಕಚ್ಚಾ ತೈಲದ ಬೆಲೆ ಬಿದ್ದಿತ್ತು. ಅದಕ್ಕೂ ಮೊದಲೇ ತೆರಿಗೆ ಕಡಿತವಾಗಿತ್ತು. ಒಮ್ಮೆ ಮಾತ್ರ ಸಿಗುವ ಹಣ ತಂದು ಪ್ರತಿ ವರ್ಷದ ಖರ್ಚು ತೂಗಿಸಿದ್ದರು. ಎಲ್ಲಾದರೂ ಒಂದು ಕಡೆ ತೆರಿಗೆ ಏರಿಸದೆ ಬೇರೆ ದಾರಿ ಇರಲಿಲ್ಲ. ಆದರೆ ವಾಷಿಂಗ್ಟನ್‌ನಲ್ಲಿ ಗ್ರೋವರ್ ನಾರ್ಕ್ವಿಸ್ಟ್ ನಡೆಸುವ 'ಅಮೆರಿಕನ್ಸ್ ಫಾರ್ ಟ್ಯಾಕ್ಸ್ ರಿಫಾರ್ಮ್' ಸಂಸ್ಥೆಗೆ ಜಿಂದಾಲ್ ಮಾತು ಬರೆದುಕೊಟ್ಟಿದ್ದರು: ತೆರಿಗೆ ಏರಿಸುವುದಿಲ್ಲ. ರಿಪಬ್ಲಿಕನ್ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ, ಹೊರಟವರು ಆ ಮಾತು ತಪ್ಪುವುದು ಕಷ್ಟ.

ಆಗ ಹುಟ್ಟಿಕೊಂಡದ್ದು 'ಸೇವ್' ಎಂಬ ಯೋಜನೆ. ರಾಜ್ಯದ ಕಾಲೇಜು ವಿದ್ಯಾರ್ಥಿಗಳ ಮೇಲೆ ಕಾಗದದಲ್ಲಿ ಒಂದು ಶುಲ್ಕ ಹಾಕುತ್ತಾರೆ. ಅದನ್ನು ಯಾರೂ ಕಟ್ಟಬೇಕಿಲ್ಲ. ಅಷ್ಟೇ ಮೊತ್ತದ ತೆರಿಗೆ ವಿನಾಯಿತಿಯನ್ನು ವಿದ್ಯಾರ್ಥಿಯ ಹೆಸರಿಗೆ ಬರೆಯುತ್ತಾರೆ. ಅದೂ ಅವನ ಕೈಗೆ ಬರುವುದಿಲ್ಲ, ಉನ್ನತ ಶಿಕ್ಷಣ ಮಂಡಳಿಗೆ ಹೋಗುತ್ತದೆ. ಒಂದು ಸೆಂಟ್ ಕೂಡ ಕೈ ಬದಲಾಗುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಅದು 'ತೆರಿಗೆ ಕಡಿತ'. ಬೇರೆ ಕಡೆ ಏರಿಸಿದ ತೆರಿಗೆ ಇದರಿಂದ ಸರಿಹೋಯಿತು ಎಂದು ವಾಷಿಂಗ್ಟನ್‌ಗೆ ತೋರಿಸಬಹುದು. ಜಿಂದಾಲ್ ಅವರದೇ ಪಕ್ಷದ ಕೆಲವು ಶಾಸಕರು ಬೇಸತ್ತು ನಾರ್ಕ್ವಿಸ್ಟ್‌ಗೇ ಪತ್ರ ಬರೆದರು. ಲೂಸಿಯಾನಾದ ಜನ ಆರಿಸಿದ ಶಾಸಕರು ಲೂಸಿಯಾನಾದ ಬಜೆಟ್‌ಗಾಗಿ, ಅಲ್ಲಿ ಯಾರೂ ಮತ ಹಾಕದ ಒಬ್ಬರ ಮುಂದೆ ವಿವರಣೆ ಕೊಡಬೇಕಾಯಿತು. ನನಗೆ ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದು ಕಾಣುವುದಿಲ್ಲ. ಬಜೆಟ್ ಪಾಸಾದ ಎರಡು ವಾರದೊಳಗೆ, ಜೂನ್ 24ಕ್ಕೆ, ಜಿಂದಾಲ್ ಸ್ಪರ್ಧೆ ಘೋಷಿಸಿದರು. ನವೆಂಬರ್ 17ಕ್ಕೆ ಹಿಂದೆ ಸರಿದರು. ಹೊಸ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ 2016ರ ಫೆಬ್ರವರಿಯಲ್ಲಿ ಟಿವಿಯಲ್ಲಿ ಮಾತಾಡಿ, ಹಣವಿಲ್ಲದೆ ಕಾಲೇಜುಗಳ ತರಗತಿ ಅರ್ಧಕ್ಕೇ ನಿಲ್ಲಬಹುದು ಎಂದು ಎಚ್ಚರಿಸಬೇಕಾಯಿತು.

ನ್ಯೂಜೆರ್ಸಿಯ ಕಥೆ ಇನ್ನೊಂದು ತರಹ. ಗಬ್ಬದ ಹಂದಿಗಳನ್ನು ತಿರುಗಲೂ ಆಗದಷ್ಟು ಇಕ್ಕಟ್ಟಾದ ಗೂಡಿನಲ್ಲಿ ಕೂಡಿಹಾಕಬಾರದು ಎಂಬ ಮಸೂದೆಯನ್ನು ಅಲ್ಲಿನ ಶಾಸನಸಭೆ ಭಾರೀ ಬಹುಮತದಿಂದ ಪಾಸು ಮಾಡಿತು. ಕ್ರಿಸ್ಟಿ 2014ರ ನವೆಂಬರ್‌ನಲ್ಲಿ ಅದನ್ನು ವಿಟೊ ಮಾಡಿದರು. ಅಂಥದೇ ಮಸೂದೆಯನ್ನು ಅವರು ತಡೆದದ್ದು ಎರಡನೇ ಸಲ. ನ್ಯೂಜೆರ್ಸಿಯಲ್ಲಿ ಇರುವ ಹಂದಿಗಳೇ ಹತ್ತು ಸಾವಿರಕ್ಕೂ ಕಡಿಮೆ. ಎರಡು ಕೋಟಿಗೂ ಜಾಸ್ತಿ ಹಂದಿಗಳಿರುವುದು ಅಯೋವಾದಲ್ಲಿ. ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ರಿಪಬ್ಲಿಕನ್ ಪಕ್ಷದ ಮೊದಲ ಕಾಕಸ್ (ಪಕ್ಷದ ಮತದಾರರ ಸಭೆ) ನಡೆಯುವುದೂ ಅಯೋವಾದಲ್ಲೇ. ಈ ಸಮಸ್ಯೆಯೇ ನಮ್ಮ ರಾಜ್ಯದಲ್ಲಿ ಇಲ್ಲ ಎಂದು ಕ್ರಿಸ್ಟಿ ಕಾರಣ ಕೊಟ್ಟರು. ಸಮಸ್ಯೆ ಇಲ್ಲದಿದ್ದರೆ ಸಹಿ ಹಾಕಲು ತೊಂದರೆ ಏನಿತ್ತು?

ಆಮೇಲೆ ಬಂತು 2015. ಆ ವರ್ಷ ಕ್ರಿಸ್ಟಿ ಪೂರ್ತಿಯಾಗಿಯೋ ಭಾಗಶಃವೋ 261 ದಿನ ರಾಜ್ಯದ ಹೊರಗಿದ್ದರು. 2016ರ ಜನವರಿಯಲ್ಲಿ ದೊಡ್ಡ ಹಿಮಗಾಳಿ ಬಂದಾಗ ನ್ಯೂ ಹ್ಯಾಂಪ್‌ಶೈರ್‌ನ ಪ್ರಚಾರ ಬಿಟ್ಟು ಮನೆಗೆ ಬಂದರು, ನಿಜ. ಆದರೆ ಕರಾವಳಿಯ ಊರುಗಳು ನೆರೆನೀರಿನ ಹಾನಿ ಎಣಿಸುತ್ತಿರುವಾಗಲೇ ಮತ್ತೆ ಅಲ್ಲಿಗೆ ಹೊರಟುಬಿಟ್ಟರು. ಹೆಂಡತಿ ಮಕ್ಕಳನ್ನು ಸಾಕಲು ಕೆಲಸ ಮಾಡುವ ಯಾರಾದರೂ ವರ್ಷದಲ್ಲಿ ಇಷ್ಟು ದಿನ ಬೇರೆ ಕೆಲಸ ಹುಡುಕಿಕೊಂಡು ತಿರುಗಿದರೆ ಸಂಬಳ ಸಿಗುತ್ತದೆಯೇ?

ನಮ್ಮ ಕಡೆಯೂ ರಾಜ್ಯದಿಂದ ದೆಹಲಿಗೆ ಹೋದವರಿಲ್ಲವೇ ಎಂದು ಕೇಳಬಹುದು. 1996ರಲ್ಲಿ ಎಚ್.ಡಿ. ದೇವೇಗೌಡರು ಕರ್ನಾಟಕದ ಮುಖ್ಯಮಂತ್ರಿ ಸ್ಥಾನದಿಂದ ಪ್ರಧಾನಿ ಹುದ್ದೆಗೆ ಹೋದರು. ಆದರೆ ಸಂಯುಕ್ತ ರಂಗ ಅವರನ್ನು ಆರಿಸಿದ್ದು ಚುನಾವಣೆ ಮುಗಿದ ಮೇಲೆ. ಆ ಹುದ್ದೆಗಾಗಿ ಅವರು ವರ್ಷಗಟ್ಟಲೆ ದೇಶ ಸುತ್ತಬೇಕಿರಲಿಲ್ಲ. ಅಮೆರಿಕದ ಪದ್ಧತಿ ಹಾಗಲ್ಲ. 2016ರ ನವೆಂಬರ್‌ನ ಚುನಾವಣೆಗೆ ಕ್ರಿಸ್ಟಿ 2015ರ ಜೂನ್‌ನಲ್ಲೇ ಹೊರಟರು. ಗೆಲ್ಲುತ್ತಾ ಹೋದವರಿಗೆ ಒಂದೂವರೆ ವರ್ಷದ ಓಡಾಟ ಅದು.

ಮಾತು ಕೊಟ್ಟು ತಪ್ಪುವುದೂ ಇದೆ. ಬಿಲ್ ಕ್ಲಿಂಟನ್ 1990ರಲ್ಲಿ ಅರ್ಕನ್ಸಾದ ಮತದಾರರಿಗೆ ನಾಲ್ಕೂ ವರ್ಷ ಇರುತ್ತೇನೆ ಎಂದಿದ್ದರು. ಮರುವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಸ್ಪರ್ಧೆಗೆ ಇಳಿದರು. ಸ್ಕಾಟ್ ವಾಕರ್ 2014ರ ಪ್ರಚಾರದಲ್ಲಿ ನಾಲ್ಕು ವರ್ಷ ಇಲ್ಲೇ ಇರುವ ಯೋಚನೆ ಎಂದರು. 2015ರ ಜುಲೈಯಲ್ಲಿ ಹೊರಟರು. ಬಾಯಿಮಾತು ನಂಬುವ ಹಾಗಿಲ್ಲ ಅಂದ ಮೇಲೆ ಕಾನೂನೇ ಬೇಕು.

ಅಂಥ ಕಾನೂನು ಹೊಸದೇನಲ್ಲ. ಅರಿಜೋನಾದಲ್ಲಿ ಅವಧಿಯ ಕೊನೆಯ ವರ್ಷ ಬಿಟ್ಟರೆ, ಬೇರೆ ಹುದ್ದೆಗೆ ನಿಲ್ಲುವವರು ಇದ್ದ ಹುದ್ದೆ ಬಿಡಬೇಕು. ಫ್ಲಾರಿಡಾದಲ್ಲೂ ಇತ್ತು. 2023ರ ಮೇ 24ರಂದು ಗವರ್ನರ್ ರಾನ್ ಡಿಸ್ಯಾಂಟಿಸ್ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲುವವರಿಗೆ ಆ ನಿಯಮ ಅನ್ವಯಿಸುವುದಿಲ್ಲ ಎಂಬ ತಿದ್ದುಪಡಿಗೆ ಸಹಿ ಹಾಕಿದರು. ಅದೇ ದಿನ ಅಧ್ಯಕ್ಷ ಸ್ಪರ್ಧೆಯನ್ನೂ ಘೋಷಿಸಿದರು. ತನಗೆ ಅಡ್ಡ ಬರುವ ಕಾನೂನನ್ನು ತಾನೇ ಸಹಿ ಮಾಡಿ ತೆಗೆಸುವುದು ಯಾವ ರಾಜ್ಯದಲ್ಲೂ ಆಗಬಾರದು. ಅರಿಜೋನಾದ ನಿಯಮ ಎಲ್ಲ ರಾಜ್ಯಗಳಿಗೂ ಬರಲಿ. ಕೊನೆಯ ವರ್ಷದಲ್ಲಿ ಹೋಗುವವರು ಹೋಗಲಿ, ಮೊದಲ ಮೂರು ವರ್ಷ ರಾಜ್ಯಕ್ಕೆ ಸೇರಿದ್ದು.

ವಿರೋಧ: ಆಸೆ ಘೋಷಣೆಗಿಂತ ಮೊದಲೇ ಶುರುವಾಗಿರುತ್ತದೆ

ಲೂಸಿಯಾನಾದ ಬಜೆಟ್ ಬಗ್ಗೆ ನನಗೂ ಅಷ್ಟೇ ಸಿಟ್ಟಿದೆ. ಆ ಸಿಟ್ಟಿಗೆ ರಾಜೀನಾಮೆಯ ಕಾನೂನು ಮದ್ದಲ್ಲ ಎನ್ನುವುದಷ್ಟೇ ನನ್ನ ವಾದ.

ತಾರೀಖುಗಳನ್ನು ಮತ್ತೆ ನೋಡಿ. ಹಂದಿ ಗೂಡಿನ ವಿಟೊ ಆದದ್ದು 2014ರ ನವೆಂಬರ್‌ನಲ್ಲಿ, ಕ್ರಿಸ್ಟಿ ಅಭ್ಯರ್ಥಿಯಾಗಿದ್ದು 2015ರ ಜೂನ್ ಕೊನೆಗೆ. 'ಸೇವ್' ಯೋಜನೆ ಪಾಸಾಗಿದ್ದು ಜಿಂದಾಲ್ ಘೋಷಣೆಗೆ ಮೊದಲು. ತೆರಿಗೆ ಏರಿಸುವುದಿಲ್ಲ ಎಂದು ಬರೆದುಕೊಟ್ಟದ್ದು ಅದಕ್ಕೂ ಎಷ್ಟೋ ಮೊದಲು. ವಾಕರ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳಿಗೆ ಎರಡು ವರ್ಷದಲ್ಲಿ 25 ಕೋಟಿ ಡಾಲರ್ ಕಡಿತ ಮಾಡಿದ ಬಜೆಟ್‌ಗೆ ಸಹಿ ಹಾಕಿದ್ದೂ ಘೋಷಣೆಗೆ ಒಂದು ದಿನ ಮೊದಲು. ಮೂರು ಕಡೆಯೂ ರಾಜೀನಾಮೆಯ ಕಾನೂನು ಇದ್ದಿದ್ದರೆ ಅದು ಕೆಲಸ ಶುರು ಮಾಡುತ್ತಿದ್ದದ್ದು ಹಾನಿ ಆದ ಮೇಲೆ. ಗವರ್ನರ್ ಒಬ್ಬರ ಮನಸ್ಸು ಅಯೋವಾದ ಕಡೆ ಯಾವಾಗ ಹೊರಳಿತು ಎಂದು ಯಾವ ಕಾನೂನು ಅಳೆಯುತ್ತದೆ? ಘೋಷಣೆಯನ್ನು ಇನ್ನಷ್ಟು ತಡ ಮಾಡುವುದು, ಅಲ್ಲಿವರೆಗೆ ಗುಟ್ಟಾಗಿ ಹಣ ಸಂಗ್ರಹಿಸುವುದು, ಇವೇ ಜಾಸ್ತಿಯಾಗುತ್ತವೆ.

ಇನ್ನು, ಈ ಆಸೆ ಎಲ್ಲರಲ್ಲೂ ಕೆಟ್ಟದ್ದನ್ನೇ ಮಾಡಿಸಿತು ಅನ್ನುವುದು ಚರಿತ್ರೆಗೆ ಸರಿಹೊಂದುವುದಿಲ್ಲ. ವುಡ್ರೋ ವಿಲ್ಸನ್ 1911ರಲ್ಲಿ ನ್ಯೂಜೆರ್ಸಿಯ ಗವರ್ನರ್ ಆದರು. ಒಂದೇ ವರ್ಷದಲ್ಲಿ ಪ್ರೈಮರಿ ಸುಧಾರಣೆ, ಚುನಾವಣಾ ಅಕ್ರಮ ತಡೆ, ಗಾಯಗೊಂಡ ಕಾರ್ಮಿಕರಿಗೆ ಪರಿಹಾರದ ಕಾನೂನು ತಂದರು. ಆ ಹೆಸರಿನ ಮೇಲೆಯೇ 1912ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಫ್ರಾಂಕ್ಲಿನ್ ರೂಸ್‌ವೆಲ್ಟ್ 1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ನ್ಯೂಯಾರ್ಕ್ ರಾಜ್ಯದ ನಿರುದ್ಯೋಗಿಗಳಿಗೆ ನೆರವು ಕೊಡಲು ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿದರು. ಆಗ ಅವರ ಕಣ್ಣು 1932ರ ಮೇಲಿತ್ತು ಎಂಬುದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ನೆರವು ಪಡೆದ ಕುಟುಂಬಕ್ಕೆ ಅದರಿಂದ ಏನು ನಷ್ಟವಾಯಿತು? ಮಿಟ್ ರಾಮ್ನಿ 2006ರಲ್ಲಿ ಅರ್ಧಕ್ಕಿಂತ ಜಾಸ್ತಿ ದಿನಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಮ್ಯಾಸಚೂಸೆಟ್ಸ್‌ನ ಹೊರಗೆ ಕಳೆದರು. ಅದೇ ವರ್ಷ ಏಪ್ರಿಲ್‌ನಲ್ಲಿ, ರಾಜ್ಯದ ಬಹುತೇಕ ಎಲ್ಲರಿಗೂ ಆರೋಗ್ಯ ವಿಮೆ ಸಿಗುವ ಕಾನೂನಿಗೆ ಸಹಿ ಹಾಕಿದರು. ನಾಲ್ಕು ವರ್ಷದ ನಂತರ ಇಡೀ ದೇಶದ ಆರೋಗ್ಯ ಕಾನೂನಿಗೆ ಅದೇ ಮಾದರಿಯಾಯಿತು. ಹೊರಗಿದ್ದ ದಿನ ಎಣಿಸಿದರೆ ರಾಮ್ನಿ ಫೇಲ್, ಮಾಡಿದ ಕೆಲಸ ನೋಡಿದರೆ ಪಾಸ್. ಜನಕ್ಕೆ ಬೇಕಾದದ್ದು ಕೆಲಸ ಅಲ್ವಾ?

ದುಡ್ಡಿನ ವಿಷಯವೂ ಇದೆ. ಇದನ್ನು ಪರವಾಗಿ ಮಾತಾಡುವವರು ಸುಮ್ನೆ ದಾಟಿಬಿಡುತ್ತಾರೆ. ಕ್ಲಿಂಟನ್ ಗವರ್ನರ್ ಆಗಿದ್ದಾಗ ಸಂಬಳ ವರ್ಷಕ್ಕೆ 35 ಸಾವಿರ ಡಾಲರ್, ದೇಶದ ಗವರ್ನರ್‌ಗಳಲ್ಲೇ ಅತಿ ಕಡಿಮೆ. ಹಿಂದೆ ಆಸ್ತಿ ಇರಲಿಲ್ಲ. ಇದ್ದ ಕೆಲಸ ಬಿಟ್ಟೇ ಬಾ ಎಂದಿದ್ದರೆ ಅಂಥವರು ಹೊರಡುವುದು ಬಹಳ ಕಷ್ಟವಿತ್ತು. ಕೋಟ್ಯಧೀಶರಿಗೆ ರಾಜೀನಾಮೆ ಲೆಕ್ಕಕ್ಕಿಲ್ಲ. ಸೆನೆಟರ್‌ಗಳನ್ನು ಈ ಪ್ರಶ್ನೆ ಯಾರೂ ಕೇಳುವುದೇ ಇಲ್ಲ. 2008ರಲ್ಲಿ ಬರಾಕ್ ಒಬಾಮ, ಜಾನ್ ಮೆಕೇನ್ ಇಬ್ಬರೂ ಸೆನೆಟರ್‌ಗಳಾಗಿ ಇದ್ದುಕೊಂಡೇ ಪೂರ್ತಿ ಪ್ರಚಾರ ಮಾಡಿದರು. ಆಡಳಿತ ಮಾಡಿ ತೋರಿಸಿದವರಿಗೆ ಮಾತ್ರ ಬಾಗಿಲು ಕಿರಿದು ಮಾಡುವುದರಲ್ಲಿ ನ್ಯಾಯವಿಲ್ಲ.

ರಾಜೀನಾಮೆ ಕೊಟ್ಟ ಮೇಲೆ ಯಾರು? ಹೆಚ್ಚಿನ ರಾಜ್ಯಗಳಲ್ಲಿ ಲೆಫ್ಟಿನೆಂಟ್ ಗವರ್ನರ್, ಅಂದರೆ ಉಪ ಗವರ್ನರ್. ಕೆಲವು ರಾಜ್ಯಗಳಲ್ಲಿ ಅವರನ್ನು ಬೇರೆಯಾಗಿ ಆರಿಸುತ್ತಾರೆ, ಅವರು ಎದುರು ಪಕ್ಷದವರೂ ಆಗಿರಬಹುದು. ಕ್ಯಾಲಿಫೋರ್ನಿಯಾದಲ್ಲಿ 1979ರಲ್ಲಿ ಡೆಮಾಕ್ರಟಿಕ್ ಗವರ್ನರ್ ಜೆರ್ರಿ ಬ್ರೌನ್ ರಾಜ್ಯದ ಹೊರಗೆ ಹೋಗಿದ್ದಾಗ, ರಿಪಬ್ಲಿಕನ್ ಲೆಫ್ಟಿನೆಂಟ್ ಗವರ್ನರ್ ಮೈಕ್ ಕರ್ಬ್ ಮೇಲ್ಮನವಿ ನ್ಯಾಯಾಲಯಕ್ಕೆ ಒಬ್ಬ ನ್ಯಾಯಾಧೀಶರನ್ನೇ ನೇಮಿಸಿಬಿಟ್ಟರು. ಬ್ರೌನ್ ವಾಪಸ್ ಬಂದು ಅದನ್ನು ರದ್ದು ಮಾಡಿದರು. ವಿಷಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಗವರ್ನರ್ ಇಲ್ಲದಾಗ ಅಧಿಕಾರ ಲೆಫ್ಟಿನೆಂಟ್‌ಗೇ ಇದೆ ಎಂದು ಕೋರ್ಟ್ ಹೇಳಿತು, ಬ್ರೌನ್ ನೇಮಕ ಹಿಂದೆ ಪಡೆದದ್ದನ್ನೂ ಒಪ್ಪಿತು. ಕೆಲವು ದಿನದ ಗೈರುಹಾಜರಿಗೇ ಇಷ್ಟು. ರಾಜೀನಾಮೆ ಎಂದರೆ ಜನ ಆರಿಸಿದ ಪಕ್ಷದ ಸರ್ಕಾರವೇ ಅವಧಿಯ ಮಧ್ಯದಲ್ಲಿ ಬದಲಾಗಬಹುದು. ನಾಲ್ಕು ವರ್ಷ ಅಂದರೆ ನಾಲ್ಕು ವರ್ಷ ಎನ್ನುವವರಿಗೆ ಇದು ಒಪ್ಪಿಗೆಯೇ?

ಮತದಾರರೇನು ಕಣ್ಣು ಮುಚ್ಚಿಕೊಂಡಿಲ್ಲ. 2015ರಲ್ಲಿ ರಿಪಬ್ಲಿಕನ್ನರ ಕೋಟೆಯಾದ ಲೂಸಿಯಾನಾದಲ್ಲಿ ಡೆಮಾಕ್ರಟಿಕ್ ಪಕ್ಷದ ಎಡ್ವರ್ಡ್ಸ್ ಗೆದ್ದರು. 2017ರಲ್ಲಿ ಕ್ರಿಸ್ಟಿ ಅವರ ಲೆಫ್ಟಿನೆಂಟ್ ಕಿಮ್ ಗ್ವಡಾನೊ ಸೋತರು. 2018ರಲ್ಲಿ ವಾಕರ್ ಸೋತರು. ಮೂರಕ್ಕೂ ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಫ್ಲಾರಿಡಾದಲ್ಲಿ ಆದದ್ದೇ ಬೇರೆ. 2022ರ ಚರ್ಚೆಯಲ್ಲಿ ಎದುರಾಳಿ ಚಾರ್ಲಿ ಕ್ರಿಸ್ಟ್, ನಾಲ್ಕೂ ವರ್ಷ ಇರುತ್ತೀರಾ ಎಂದು ನೇರವಾಗಿ ಕೇಳಿದರು. ಡಿಸ್ಯಾಂಟಿಸ್ ಉತ್ತರ ಕೊಡಲಿಲ್ಲ. ಆ ಮೌನದ ಅರ್ಥ ನೋಡುತ್ತಿದ್ದವರಿಗೆಲ್ಲ ಆಗಿತ್ತು. ಆದರೂ ನೂರಕ್ಕೆ 59 ಮಂದಿ ಅವರಿಗೇ ಮತ ಹಾಕಿದರು. ತಿಳಿದೇ ಕೊಟ್ಟ ಮತವನ್ನು ಕಾನೂನು ಮಾಡಿ ಕಿತ್ತುಕೊಳ್ಳಲು ನಾವು ಯಾರು?

ಹಾಗಾಗಿ 2023ರ ಆ ತಿದ್ದುಪಡಿಯ ಉದ್ದೇಶ ನನಗೆ ತಪ್ಪು ಅನ್ನಿಸುವುದಿಲ್ಲ. ಅದನ್ನು ತಂದ ಸಮಯ ಮಾತ್ರ ಸರಿಯಿರಲಿಲ್ಲ. ಆದರೆ ಅದೇ ತಿಂಗಳು ಫ್ಲಾರಿಡಾದಲ್ಲಿ ಇನ್ನೊಂದು ಕಾನೂನು ಬಂತು, ಅದರ ಬಗ್ಗೆ ಗದ್ದಲ ಇನ್ನೂ ಜಾಸ್ತಿ ಆಗಬೇಕಿತ್ತು. ಗವರ್ನರ್ ಪ್ರಯಾಣದ ದಾಖಲೆಗಳನ್ನು, ಹಳೆಯ ಪ್ರಯಾಣದ್ದನ್ನೂ ಸೇರಿಸಿ, ಭದ್ರತೆಯ ಕಾರಣ ಹೇಳಿ ಜನರಿಂದ ಮುಚ್ಚಿಟ್ಟಿತು. ಸರ್ಕಾರಿ ಕಡತಗಳನ್ನು ಜನರಿಗೆ ತೆರೆದಿಡುವುದರಲ್ಲಿ ಹೆಸರಾದ ರಾಜ್ಯ ಅದು. ಗವರ್ನರ್ ಎಲ್ಲಿಗೆ ಹೋದರು, ಯಾರ ವಿಮಾನದಲ್ಲಿ ಹೋದರು, ಜತೆಗಿದ್ದ ಪೊಲೀಸರ ಊಟ ವಸತಿಯ ಬಿಲ್ ಯಾರು ಕಟ್ಟಿದರು ಎಂಬುದು ಮತದಾರರಿಗೆ ಗೊತ್ತಿಲ್ಲದಿದ್ದರೆ ಅವರು ಯಾವುದರ ಮೇಲೆ ತೀರ್ಪು ಕೊಡಬೇಕು? ಹೋಗಿ ಬಂದ ಮೇಲೆ ಭದ್ರತೆಯ ನೆಪವೂ ನಿಲ್ಲುವುದಿಲ್ಲ. ಆ ಕಾನೂನನ್ನು ಮೊದಲು ತೆಗೆಯಲಿ. ಪ್ರತಿ ರಾಜ್ಯವೂ ತನ್ನ ಗವರ್ನರ್ ಹೊರಗಿದ್ದ ದಿನಗಳ ಪಟ್ಟಿ, ಖರ್ಚಿನ ವಿವರ ತಿಂಗಳು ತಿಂಗಳು ಪ್ರಕಟಿಸಲಿ. ಪ್ರಚಾರಕ್ಕೆ ಹೋದ ದಿನದ ಭದ್ರತಾ ಖರ್ಚನ್ನು ರಾಜ್ಯದ ಖಜಾನೆಯ ಬದಲು ಪ್ರಚಾರ ನಿಧಿಯೇ ಕಟ್ಟಲಿ.