ಕಾಯಿಲೆಗೂ ಕಚೇರಿ ವೇಳೆ

ದಾವಣಗೆರೆಯ ನಮ್ಮ ಬಡಾವಣೆಯ ಸರ್ಕಾರಿ ದವಾಖಾನೆ ‘ನಮ್ಮ ಕ್ಲಿನಿಕ್’ನ ಗೋಡೆಗೆ ಮತ್ತೆ ಬಣ್ಣ ಬಳಿದಿದ್ದಾರೆ. ಬಸಿರು, ಬಾಣಂತನದಿಂದ ಹಿಡಿದು ಕಣ್ಣು, ಹಲ್ಲು, ಮುಪ್ಪು, ಮನಸ್ಸಿನವರೆಗೆ ‘ಸಮಗ್ರ ಪ್ರಾಥಮಿಕ ಆರೋಗ್ಯ ಸೇವೆ’ಯ 12 ಬಾಬತ್ತುಗಳು ಅಲ್ಲಿ ದುಂಡಗಿನ ಅಕ್ಷರಗಳಲ್ಲಿ ನಿಂತಿವೆ. ಅಷ್ಟನ್ನೂ ನಿಭಾಯಿಸಲು ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಡಿ ದರ್ಜೆ ನೌಕರ. ತಲೆಗೆ ಮೂರರಂತೆ ಹಂಚಿದರೆ ಲೆಕ್ಕ ಚುಕ್ತಾ. ಡಿ ದರ್ಜೆಯವರ ಪಾಲಿಗೆ ಮಾನಸಿಕ ಆರೋಗ್ಯ ಬಂದಿರಬೇಕು. ಏಕೆಂದರೆ “ಡಾಕ್ಟ್ರು ಮೀಟಿಂಗಿಗೆ ಹೋಗ್ಯಾರೆ, ನಾಳೆ ಬರ್ರಿ ಅಜ್ಜಿ” ಎಂದು ಬಂದವರನ್ನೆಲ್ಲ ಸಮಾಧಾನಪಡಿಸಿ ಕಳಿಸುವವರು ಅವರೇ.

ನಾಮಕರಣದಲ್ಲಿ ಮಾತ್ರ ನಮ್ಮ ಸರ್ಕಾರಗಳು ಎಂದೂ ಜಿಪುಣತನ ತೋರಿದ್ದಿಲ್ಲ. 2018ರಲ್ಲಿ ಕೇಂದ್ರದವರು ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ ಎಂದರು, 2022ರ ಡಿಸೆಂಬರಿನಲ್ಲಿ ರಾಜ್ಯದವರು ‘ನಮ್ಮ ಕ್ಲಿನಿಕ್’ ತೆರೆದರು, 2023ರಲ್ಲಿ ಕೇಂದ್ರದವರ ಕೇಂದ್ರಗಳು ‘ಆಯುಷ್ಮಾನ್ ಆರೋಗ್ಯ ಮಂದಿರ’ಗಳಾದವು. ಮಂದಿರವೆಂದ ಮೇಲೆ ಸಂಜೆಯ ಮಂಗಳಾರತಿಯಾದರೂ ಇರಬೇಡವೇ? ನಮ್ಮ ಕ್ಲಿನಿಕ್‌ಗೆ ಆರಂಭದಲ್ಲಿ ಗೊತ್ತುಮಾಡಿದ್ದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30, ಅಂದರೆ ಕೂಲಿಯವರು ಕೂಲಿಗೆ ಹೋಗಿರುವ ಹೊತ್ತು. ನಗರದ ಬಡವರಿಗಾಗಿಯೇ ಹುಟ್ಟಿದ ಯೋಜನೆಗೆ, ಬಡವರು ಮನೆಯಲ್ಲಿರದ ವೇಳೆಯನ್ನು ಇಷ್ಟು ಕರಾರುವಾಕ್ಕಾಗಿ ಹುಡುಕಿಕೊಟ್ಟ ಅಧಿಕಾರಿಗೆ ರಾಜ್ಯೋತ್ಸವ ಪ್ರಶಸ್ತಿಯೂ ಕಡಿಮೆಯೇ.

ಮೊನ್ನೆ ಐದು ಗಂಟೆಗೆ ಮಂಡಕ್ಕಿ ಭಟ್ಟಿಯಿಂದ ನೇರವಾಗಿ ಬಂದ ಹೆಂಗಸೊಬ್ಬರು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು. ಹುಬ್ಬಿನ ಮೇಲೆಲ್ಲ ಬೂದಿ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಖಾಲಿ ಗುಳಿಗೆ ಪಟ್ಟಿ. ಬಿ.ಪಿ. ಗುಳಿಗೆ ಮುಗಿದು ವಾರವಾಗಿತ್ತಂತೆ. ಹಗಲು ಬಂದರೆ ಕೂಲಿ ಹೋಗುತ್ತದೆ, ಸಂಜೆ ಖಾಸಗಿಯವರ ಹತ್ತಿರ ಹೋದರೆ ಹಗಲು ದುಡಿದ ಕೂಲಿ ಹೋಗುತ್ತದೆ. ರಕ್ತದೊತ್ತಡ ನೋವಿಲ್ಲದ ರೋಗ. ಗುಳಿಗೆ ಬಿಟ್ಟ ದಿನ ಏನೂ ಆಗುವುದಿಲ್ಲ, ಒಂದು ದಿನ ಲಕ್ವ ಹೊಡೆಯುತ್ತದೆ. 1965ರಿಂದ ವೈದ್ಯಕೀಯ ಕಾಲೇಜು ಇರುವ ಊರಿದು. ಇಲ್ಲಿ ಕೆಲವೇ ರೂಪಾಯಿಯ ಗುಳಿಗೆ ಸಂಜೆ ಸಿಗದ ಕಾರಣಕ್ಕೆ ಒಬ್ಬಾಕೆಯ ಕೈಕಾಲು ಬಿದ್ದುಹೋಗಬಹುದೆಂದರೆ, ಅದನ್ನು ತಮಾಷೆಯಾಗಿ ಬರೆಯಲು ನನಗೂ ಸಾಕಾಗಿದೆ.

“ಬಿ.ಪಿ. ಗುಳಿಗೆ ಐತೆ ಅಂತ ಬರ್ದಾರೇನಣ್ಣ?” ಎಂದು ಆಕೆ ಗೋಡೆ ತೋರಿಸಿದರು.

“ಬರ್ದಾರಕ್ಕ” ಎಂದೆ.