ಜಾರ್ಜಿಯಾದ ಎನ್‌ಜಿಒಗಳಿಗೆ ಬರುವ ಯುರೋಪಿನ ಹಣ ಗುಟ್ಟಿನದಾ?

ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾ ದೇಶದ ಸಂಘ ಸಂಸ್ಥೆಗಳಿಗೆ ಯುರೋಪಿಯನ್ ಒಕ್ಕೂಟ ಗುಟ್ಟಾಗಿ ದುಡ್ಡು ಕೊಟ್ಟು, ಜನರಿಗೆ ಬೇಡದ ಒಕ್ಕೂಟವನ್ನು ಅವರ ಮೇಲೆ ಹೇರುತ್ತಿದೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಮೊದಲು ಗುಟ್ಟಿನ ವಿಷಯ. ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ನೇರವಾಗಿ ಕೊಡುವ ಅನುದಾನಕ್ಕೆ ಸಾಮಾನ್ಯವಾಗಿ ಬಹಿರಂಗವಾಗಿಯೇ ಅರ್ಜಿ ಕರೆಯುತ್ತಾರೆ. ಯಾರಿಗೆ ಎಷ್ಟು ಸಿಕ್ಕಿತು ಎಂಬುದನ್ನು ಕಮಿಷನ್ ತನ್ನ ಆರ್ಥಿಕ ಪಾರದರ್ಶಕತೆಯ ದಾಖಲೆಯಲ್ಲಿ ಪ್ರಕಟಿಸುತ್ತದೆ. ಅದನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ಹಣ ಪಡೆದವರು ಖರ್ಚಿನ ಲೆಕ್ಕ ಒಪ್ಪಿಸಲೇಬೇಕು.

ಇನ್ನು ಹೇರಿಕೆಯ ಮಾತು. ಯುರೋಪಿಯನ್ ಒಕ್ಕೂಟ ಸೇರಲು ಎಲ್ಲ ಕ್ರಮ ಕೈಗೊಳ್ಳಬೇಕು ಎಂದು ಜಾರ್ಜಿಯಾದ ಸಂವಿಧಾನದ 78ನೇ ವಿಧಿಯೇ ಹೇಳುತ್ತದೆ. ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದೂ ಅಲ್ಲಿನ ಸರ್ಕಾರವೇ, 2022ರಲ್ಲಿ. 2023ರ ಡಿಸೆಂಬರ್‌ನಲ್ಲಿ ಸದಸ್ಯತ್ವದ ಅಭ್ಯರ್ಥಿ ದೇಶ ಎಂಬ ಸ್ಥಾನ ಸಿಕ್ಕಿತು. ನ್ಯಾಯಾಂಗ ಸುಧಾರಣೆ, ಭ್ರಷ್ಟಾಚಾರ ತಡೆ, ಮುಕ್ತ ಚುನಾವಣೆ ಆಗಬೇಕೆಂದು ಒಕ್ಕೂಟ ಕೇಳಿತ್ತು. ಇವುಗಳ ಮೇಲೆ ಕಣ್ಣಿಟ್ಟು ಕೆಲಸ ಮಾಡುವ ಸಂಸ್ಥೆಗಳು ದೇಶದ ಸಂವಿಧಾನ ಹೇಳಿದ್ದನ್ನೇ ಮಾಡುತ್ತಿವೆ ಅಲ್ವಾ?

ಆದರೂ 2024ರ ಮೇನಲ್ಲಿ ಬಂದ ಕಾನೂನು, ತಮ್ಮ ಆದಾಯದ 20%ಕ್ಕಿಂತ ಜಾಸ್ತಿ ಹಣವನ್ನು ವಿದೇಶದಿಂದ ಪಡೆಯುವ ಸಂಸ್ಥೆಗಳನ್ನು 'ವಿದೇಶಿ ಶಕ್ತಿಯ ಹಿತ ಕಾಯುವವರು' ಎಂದು ನೋಂದಾಯಿಸಲು ಹೇಳಿತು. ಆಗಿನ ಅಧ್ಯಕ್ಷೆ ಸಲೋಮೆ ಜುರಾಬಿಶ್ವಿಲಿ ಹಾಕಿದ ವೀಟೋವನ್ನು ಸಂಸತ್ತು ತಳ್ಳಿಹಾಕಿತು. 2025ರ ಏಪ್ರಿಲ್‌ನಲ್ಲಿ ಇನ್ನೂ ಬಿಗಿ ಮಾಡಿದರು. ಈಗ ವಿದೇಶಿ ಅನುದಾನ ಪಡೆಯಲು ಸರ್ಕಾರದ ಒಪ್ಪಿಗೆ ಬೇಕು. ಅಂದರೆ ಸರ್ಕಾರವನ್ನು ಪ್ರಶ್ನಿಸುವವರಿಗೆ ಹಣ ಬರಬೇಕೋ ಬೇಡವೋ ಎಂದು ಅದೇ ಸರ್ಕಾರ ತೀರ್ಮಾನಿಸುತ್ತದೆ. ಇದನ್ನು ಪಾರದರ್ಶಕತೆ ಎಂದು ಕರೆಯುವುದು ತಪ್ಪು.