ಆಸ್ಟ್ರಿಯಾ-ಹಂಗರಿ ಒಡೆದಿದ್ದು ಸರಿಯೇ? ಪರ-ವಿರೋಧ

ಪರ: ಒಡೆಯಲೇಬೇಕಿತ್ತು

ಆಸ್ಟ್ರಿಯಾ-ಹಂಗರಿ ಅಂದರೆ ಹಲವು ಭಾಷೆಯ ಜನರಿದ್ದ ಯುರೋಪಿನ ಸಾಮ್ರಾಜ್ಯ. 1918ರಲ್ಲಿ ಒಡೆದು ಹಲವು ದೇಶಗಳಾಯಿತು. ಅದಕ್ಕೂ ಮೊದಲು, 1897ರಲ್ಲಿ ಆಸ್ಟ್ರಿಯಾದ ಪ್ರಧಾನಿ ಬದೇನಿ ಒಂದು ಆದೇಶ ಹೊರಡಿಸಿದ. ಬೊಹೀಮಿಯಾ ಪ್ರಾಂತ್ಯದ (ಇಂದಿನ ಜೆಕ್ ದೇಶದ ಭಾಗ) ಸರ್ಕಾರಿ ನೌಕರರಿಗೆ ಜರ್ಮನ್ ಜೊತೆ ಜೆಕ್ ಭಾಷೆಯೂ ಬರಬೇಕು, ಅಷ್ಟೇ. ಅಲ್ಲಿ ಜೆಕ್ ಆಡುವವರೇ ಜಾಸ್ತಿ. ಆದರೂ ಜರ್ಮನ್ನರು ಸಂಸತ್ತಿನಲ್ಲಿ ಗಲಾಟೆ ಎಬ್ಬಿಸಿದರು, ಬೀದಿಗಿಳಿದರು. ಆ ವರ್ಷ ಮುಗಿಯುವ ಮೊದಲೇ ಚಕ್ರವರ್ತಿ ಬದೇನಿಯನ್ನು ಮನೆಗೆ ಕಳಿಸಿದ. 1899ರಲ್ಲಿ ಆದೇಶವೂ ಹೋಯಿತು.

ಇಷ್ಟು ಸಣ್ಣ ನ್ಯಾಯ ಕೊಡಲಾಗದ ಸಾಮ್ರಾಜ್ಯ ಯಾಕೆ ಉಳಿಯಬೇಕಿತ್ತು? 1867ರಲ್ಲಿ ರಾಜಧಾನಿ ವಿಯೆನ್ನಾದ ಸರ್ಕಾರ ಹಂಗರಿಯವರ ಜೊತೆ ಅಧಿಕಾರ ಹಂಚಿಕೊಂಡಿತು. 1871ರಲ್ಲಿ ಜೆಕ್ಕರೂ ಸ್ವಾಯತ್ತತೆ ಕೇಳಿದರು. ಮಾತುಕತೆ ಮುರಿದುಬಿತ್ತು. ಇನ್ನು ಹಂಗರಿಯಾದರೂ ಪಾಠ ಕಲಿಯಿತೇ? 1907ರಲ್ಲಿ ಕಾನೂನು ಮಾಡಿ, ಸ್ಲೊವಾಕ್, ರುಮೇನಿಯನ್ ಮಕ್ಕಳು ನಾಲ್ಕನೇ ಕ್ಲಾಸಿಗೇ ಹಂಗೇರಿಯನ್ ಮಾತಾಡಬೇಕು ಅಂದಿತು.

ಹೋದ ತಿಂಗಳು ಹಾಸನದ ಒಂದು ಬ್ಯಾಂಕಿನಲ್ಲಿ ನಮ್ಮಮ್ಮ ಪೆನ್ಷನ್ ಯಾಕೆ ಬಂದಿಲ್ಲ ಅಂತ ಕೇಳಿದರು. ಕೌಂಟರಿನ ಹುಡುಗ 'ಹಿಂದಿ ಮೇ ಬೋಲಿಯೇ' ಅಂದ. ಅಮ್ಮ ಪಾಸ್‌ಬುಕ್ಕನ್ನು ಸೆರಗಿಗೆ ಸುತ್ತಿಕೊಂಡು ವಾಪಸ್ ಬಂದರು. ನಮಗಾದರೆ 1956ರಿಂದ ಜಗಳ ಆಡೋಕೆ ನಮ್ಮದೇ ರಾಜ್ಯವಿದೆ. ಜೆಕ್ಕರು ತಮ್ಮದೇ ದೇಶಕ್ಕಾಗಿ 1918ರ ಅಕ್ಟೋಬರ್ 28ರವರೆಗೆ ಕಾಯಬೇಕಾಯಿತು.

ಹೊಸ ದೇಶಗಳಲ್ಲೂ ಅಲ್ಪಸಂಖ್ಯಾತರಿರಲಿಲ್ವಾ ಅನ್ನುತ್ತಾರೆ. ಇದ್ದರು ಬಿಡಿ. ಹಾಗನ್ನುವವರಿಗೆ ಬೇಕಿರುವುದು ಅರಮನೆ, ಬ್ಯಾಂಡ್ ಸೆಟ್ಟು, ಮೀಸೆಯ ಚಕ್ರವರ್ತಿ.

ವಿರೋಧ: ಸ್ವಲ್ಪ ತಾಳಬಹುದಿತ್ತು

ವಿರೋಧ ಬರೆಯೋಕೆ ಯಾರೂ ಸಿಗದೆ ನನ್ನನ್ನು ಹಿಡಿದಿದ್ದಾರೆ. ನವೆಂಬರ್ 1ಕ್ಕೆ ಬಾವುಟ ಕಟ್ಟುವವರಲ್ಲಿ ನಾನೂ ಒಬ್ಬ. ಆದರೂ ಹೇಳುತ್ತೇನೆ.

ಆ ಸಾಮ್ರಾಜ್ಯದ ಸೈನ್ಯದಲ್ಲಿ ಜರ್ಮನ್ ಹುಕುಂ ಸುಮಾರು 80 ಮಾತ್ರ. ಮಿಕ್ಕಿದ್ದಕ್ಕೆಲ್ಲ ಆಫೀಸರನೇ ಸಿಪಾಯಿಗಳ ಭಾಷೆ ಕಲಿಯಬೇಕಿತ್ತು. ನಮ್ಮಪ್ಪನದೂ ಇದೇ ಕಥೆ. ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಅವರು ರೈಟರ್. ಬೆಳಿಗ್ಗೆ ಮಸ್ಟರ್ ಕರೆಯುವಾಗ ಕನ್ನಡ, ತಮಿಳು, ತುಳು, ಮಲಯಾಳ ಎಲ್ಲ ಬರಬೇಕು. ಕೊಯ್ಲಿನ ಸಂಜೆ ಹಣ್ಣು ತೂಗುವಾಗಲಂತೂ ಕೇಳಲೇಬೇಡಿ. ತಮಿಳಿನಲ್ಲಿ ಶುರುವಾದ ತಕರಾರು ತುಳುವಿಗೆ ತಿರುಗಿ ಕನ್ನಡದ ಬೈಗುಳದಲ್ಲಿ ಮುಗಿಯುತ್ತಿತ್ತು. ಅಪ್ಪನ ತಮಿಳು ಕೇಳಿ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಕೆಜಿ ತಪ್ಪಾಗಿ ಬರೆದರೆ ಅದೇ ಹೆಂಗಸರು ಬಿಡುತ್ತಿರಲಿಲ್ಲ. ಸಂಬಳ ಕಮ್ಮಿ ಇತ್ತು, ದೊರೆಗಳ ದರ್ಪವೂ ಇತ್ತು, ಇಲ್ಲ ಅನ್ನಲ್ಲ.

ಅದಿರಲಿ. ಲ್ವಿವ್ ಊರನ್ನೇ ನೋಡಿ. 1918ರವರೆಗೆ ಆಸ್ಟ್ರಿಯಾ, ಆಮೇಲೆ ಪೋಲೆಂಡ್, ಆಮೇಲೆ ಸೋವಿಯತ್, ಈಗ ಉಕ್ರೇನ್. ಮಧ್ಯೆ ನಾಜಿಗಳು ಬಂದು ಯಹೂದಿಗಳನ್ನು ಕೊಂದರು. ಯುದ್ಧ ಮುಗಿಯುತ್ತಲೇ ಪೋಲಿಷರನ್ನು ರೈಲು ಹತ್ತಿಸಿ ಕಳಿಸಿದರು. ಬ್ಯಾಂಕಿನ ಹುಡುಗನಿಗೆ ಕನ್ನಡ ಕಲಿಸಬಹುದು. ರೈಲು ಹತ್ತಿಸಿದವರನ್ನು ವಾಪಸ್ ಕರೆತರೋಕೆ ಯಾವ ಸರ್ಕಾರಕ್ಕೂ ಆಗಲಿಲ್ಲ.